ಹುಲಿಗೆ ತುರಿಸಿದರೆ

ಬೆಳಗ್ಗೆ ಬೆಳಗ್ಗೆ ಮೊಬೈಲಿಗೆ ಬಂದು ಕಾಸರಗೋಡಿನ ಮೂಡು ಭಾಗದವರ ಚಹಾ ತಣಿಸುವ ಸುದ್ದಿಯೊಂದುಂಟು: ‘ಹುಲಿ ಇಳಿದಿದೆ, ಜಾಗ್ರತೆ.’ ಮುಳ್ಳೇರಿಯದ ಆಚೆಗೋ ಬೋವಿಕ್ಕಾನದ ಈಚೆಗೋ ಒಂದು ರಬ್ಬರು ತೋಟ, ಸರಪಳಿ ಮಾತ್ರ ಉಳಿದ ನಾಯಿಗೂಡು, ಕೆಸರಿನಲ್ಲಿ ಉಗುರಿನ ಗುರುತಿಲ್ಲದ ಹೆಜ್ಜೆ. ಉಗುರು ಮೂಡಿದ್ದರೆ ನಾಯಿ, ಮೂಡದಿದ್ದರೆ ಬೆಕ್ಕಿನ ಬಳಗ. ಅಷ್ಟರವರೆಗೆ ಎಲ್ಲ ಸರಿಯೇ. ಎಡವಟ್ಟು ಆಗಿರುವುದು ಅನುವಾದದಲ್ಲಿ. ಮೂಲ ಸುದ್ದಿ ಮಲಯಾಳದ್ದು, ‘ಪುಲಿ ಇರಂಗಿ’ ಎಂದು. ಅದನ್ನು ಕನ್ನಡಕ್ಕೆ ತಂದ ಪುಣ್ಯಾತ್ಮ ಪಕಾರಕ್ಕೆ ಹಕಾರ ಹಾಕಿ ಕೈತೊಳೆದುಕೊಂಡಿದ್ದಾನೆ. ಹಳಗನ್ನಡದ ಪಾಲು ಹಾಲಾಯಿತು, ಪಾವು ಹಾವಾಯಿತು, ಪುಲಿ ಹುಲಿಯಾಯಿತು. ವ್ಯಾಕರಣ ಸರಿ, ಪ್ರಾಣಿ ತಪ್ಪು.

ಮಲಯಾಳದಲ್ಲಿ ಬರೀ ಪುಲಿ ಎಂದರೆ ಮೈತುಂಬ ಚುಕ್ಕೆಯಿರುವ ಚಿರತೆ. ಪಟ್ಟೆಯದ್ದಕ್ಕೆ ಅವರು ಕಡುವ ಎನ್ನುತ್ತಾರೆ. ತೋಟದ ಬದಿಗೆ ಬಂದು ನಾಯಿ ಹಿಡಿದದ್ದು ಚುಕ್ಕೆಯದ್ದು. ಓದಿದವನ ಕಣ್ಣಿಗೆ ಕಟ್ಟಿದ್ದು ಪಟ್ಟೆಯದ್ದು. ಚಿರತೆಯಾದರೆ ನಾಯಿಯನ್ನು ಜಗಲಿಗೆ ತಂದು, ಕರುವನ್ನು ಹಟ್ಟಿಯೊಳಗೆ ಕಟ್ಟಿ, ಮಕ್ಕಳನ್ನು ಕತ್ತಲೆಗೆ ಬಿಡದಿದ್ದರೆ ಒಂದು ಮಟ್ಟಿಗೆ ಆಯಿತು. ಪಟ್ಟೆಹುಲಿಯಾದರೆ ಲೆಕ್ಕವೇ ಬೇರೆ. ಹಣೆಗೆ ದೀಪ ಕಟ್ಟಿಕೊಂಡು ನಸುಕಿಗೆ ಟ್ಯಾಪಿಂಗಿಗೆ ಹೊರಡುವವನು ಆ ದಿನ ಕತ್ತಿಯನ್ನು ಮಾಡಿಗೆ ಸಿಕ್ಕಿಸಿ ಮತ್ತೆ ಮಲಗುತ್ತಾನೆ. ಒಂದು ಅಕ್ಷರದ ದೆಸೆಯಿಂದ ಒಂದು ದಿನದ ರಬ್ಬರು ಹಾಲು ಮರದಲ್ಲೇ ಉಳಿಯುತ್ತದೆ. “ಅದು ಹುಲಿಯಲ್ಲ ಮಾರಾಯ್ರೆ, ಚಿರತೆ” ಎಂದು ತಿದ್ದಲು ಹೋದರೆ, “ನಿಮ್ಮ ನಾಯಿ ಅಲ್ಲವಲ್ಲ ಹೋದದ್ದು” ಎಂದು ಕೇಳಿಸಿಕೊಳ್ಳಬೇಕು. ಕೇಳಿಸಿಕೊಂಡರೂ ತಿದ್ದಬೇಕು ಎಂಬ ಪಕ್ಷ ನನ್ನದು. ಏಳು ಭಾಷೆಯ ನೆಲ ಎಂದು ವೇದಿಕೆಯ ಮೇಲೆ ಎದೆ ತಟ್ಟಿಕೊಳ್ಳುವ ಜಿಲ್ಲೆಯಲ್ಲಿ ಎರಡು ಭಾಷೆಯ ನಡುವೆ ಒಂದು ಚಿರತೆ ಹೀಗೆ ಬಣ್ಣ ಬದಲಾಯಿಸಿದರೆ ಹೇಗೆ?

ಮಲಯಾಳಿಗಳೂ ಈ ವಿಷಯದಲ್ಲಿ ಪೂರ್ತಿ ಶುದ್ಧರಲ್ಲ. ಅಯ್ಯಪ್ಪ ತಾಯಿಯ ತಲೆನೋವಿಗೆ ತರಲು ಹೋದದ್ದು ‘ಪುಲಿಪ್ಪಾಲ್’. ಕ್ಯಾಲೆಂಡರಿನಲ್ಲಿ ಅವನು ಏರಿ ಕುಳಿತದ್ದು ಮಾತ್ರ ಒಳ್ಳೆ ಪಟ್ಟೆಪಟ್ಟೆಯ ಪ್ರಾಣಿ. ಬರೆದ ಕಲಾವಿದನನ್ನು ದೂರುವುದು ಬೇಡ. ಚುಕ್ಕೆ ಹಾಕುತ್ತ ಕೂತರೆ ಸಾವಿರ ಹಾಕಬೇಕು, ಪಟ್ಟೆಯಾದರೆ ನೂರರೊಳಗೆ ಮುಗಿಯುತ್ತದೆ.

ಹುಲಿವೇಷದವರಿಗೆ ಈ ತಕರಾರೇ ಇಲ್ಲ. ಪಟ್ಟೆ ಎಳೆದರೆ ಪಟ್ಟೆಹುಲಿ, ಚುಕ್ಕೆ ಇಟ್ಟರೆ ಚಿಟ್ಟೆಹುಲಿ, ಕಪ್ಪು ಬಳಿದರೆ ಕಪ್ಪುಹುಲಿ, ಸಣ್ಣ ಹುಡುಗನಾದರೆ ಮರಿಹುಲಿ. ತುಳುವಿನಲ್ಲಿ ಎಲ್ಲದಕ್ಕೂ ಪಿಲಿಯೇ. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡೆ ನವರಾತ್ರಿಯಲ್ಲಿ ತಾಸೆ ಎಂಬ ಚರ್ಮವಾದ್ಯದ ಸದ್ದು ಕೇಳಿತೆಂದರೆ, ಹಿಂದಿನ ವಾರ ‘ಹುಲಿ ಇಳಿದಿದೆ’ ಎಂಬ ಸುದ್ದಿಗೆ ಬಾಗಿಲಿಗೆ ಎರಡೆರಡು ಅಗಳಿ ಹಾಕಿದ ಮನೆಯವರೇ ಅಂಗಳಕ್ಕೆ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು, ಸೊಂಟದ ನೋಟು ತೆಗೆದು ಕಾಯುತ್ತಾರೆ. ಹೆದರಿ ಓಡಬೇಕಾದ ಪ್ರಾಣಿಗೆ ದುಡ್ಡು ಕೊಟ್ಟು ಅಂಗಳದಲ್ಲಿ ಕುಣಿಸುವ ಈ ಆಸೆ ಎಂಥದ್ದು, ಎಲ್ಲಿಂದ ಬಂತು? ಇದಕ್ಕೆ ನನ್ನ ಹತ್ತಿರ ಒಂದು ಉತ್ತರ ಉಂಟು. ಹೇಳುತ್ತೇನೆ. ಮೊದಲು ಬಣ್ಣ ಹಚ್ಚಿಬಿಡೋಣ, ಅದು ಒಣಗಲು ಹೊತ್ತು ಬೇಕು.

ಬಣ್ಣಕ್ಕೆ ಮೊದಲು ಮೈ ಬೋಳಿಸಬೇಕು. ಕೂದಲಿದ್ದರೆ ಬಣ್ಣ ಚರ್ಮಕ್ಕೆ ಕೂರುವುದಿಲ್ಲ, ಕೂದಲಿಗೆ ಕೂತು ಗಂಟಾಗುತ್ತದೆ. ಸಂಜೆ ತೆಗೆಯುವಾಗ ಬುಡ ಸಮೇತ ಬರುತ್ತದೆ. ಆದರೆ ಬೋಳಿಸಿದ ಕೂಡಲೇ ಬಣ್ಣಕ್ಕೆ ನಿಲ್ಲಬಾರದು. ಕಣ್ಣಿಗೆ ಕಾಣದ ಗೀರುಗಳಿಗೆ ಟರ್ಪೆಂಟೈನ್ ಇಳಿದರೆ ಕಾಂತಾರಿ ಮೆಣಸು ಅರೆದು ಹಚ್ಚಿದ ಹಾಗಾಗುತ್ತದೆ. ಒಂದು ದಿನ ಮೊದಲೇ ಬೋಳಿಸಿಕೊಂಡು ಮೈಯನ್ನು ಸುಧಾರಿಸಲು ಬಿಡುವುದು ಬುದ್ಧಿವಂತರ ಲಕ್ಷಣ. ಮುನ್ನಾದಿನ ರಾತ್ರಿ ಊದು ಪೂಜೆ ಇರುತ್ತದೆ. ಹುಲಿಯ ಮಂಡೆ, ಜಟ್ಟಿ ಎಂಬ ಚಡ್ಡಿ, ಬಾಲ, ತಾಸೆ ಎಲ್ಲವನ್ನೂ ಸಾಲಾಗಿಟ್ಟು ಲೋಬಾನದ ಹೊಗೆ ಹಾಕುವುದು. ಹೊಗೆಗೂ ತಾಸೆಯ ಪೆಟ್ಟಿಗೂ ಅಲ್ಲೇ ಒಬ್ಬಿಬ್ಬರ ಮೈ ನಡುಗಲು ಸುರುವಾಗುವುದುಂಟು.

ಮರುದಿನ ಮೊದಲಿಗೆ ಬಿಳಿ ಬಳಿಯಬೇಕು. ನೇರ ಹಳದಿಗೆ ಹೋದವರು ಕೆಟ್ಟರು. ಹಳದಿ ಕೆಳಗಿನ ಬಣ್ಣವನ್ನು ಪೂರ್ತಿ ಮುಚ್ಚುವ ಬಣ್ಣವಲ್ಲ. ನಮ್ಮ ಕರಾವಳಿಯ ಮೈಬಣ್ಣದ ಮೇಲೆ ಅದು ಹಣ್ಣಾಗಲು ಇಟ್ಟು ಮರೆತ ಬಾಳೆಗೊನೆಯ ಹಾಗೆ ಕಾಣುತ್ತದೆ. ಬಿಳಿ ಒಣಗಿದ ಮೇಲೆ ಹಳದಿ, ಹಳದಿ ಒಣಗಿದ ಮೇಲೆ ಕಪ್ಪು. ದಪ್ಪ ಬಳಿದರೆ ಬೇಗ ಮುಗಿಯುತ್ತದೆಂದು ತಿಳಿಯಬಾರದು. ಇನಾಮಲ್ ಮೇಲಿನಿಂದ ಕೆನೆಗಟ್ಟಿ ಒಳಗೆ ಹಸಿಯಾಗಿಯೇ ಇರುತ್ತದೆ, ಮೊದಲ ಕುಣಿತಕ್ಕೇ ಕೆನೆ ಜಾರುತ್ತದೆ. ಬೇಗ ಒಣಗಲಿ ಎಂದು ತಿನ್ನರ್ ಹೆಚ್ಚು ಮಾಡಿದರೆ ಉರಿ ಹೆಚ್ಚು. ಕಂಕುಳು, ಮೊಣಕೈಯ ಒಳಮಗ್ಗುಲು, ಮೊಣಕಾಲ ಹಿಂಬದಿ, ಕುತ್ತಿಗೆ ಇಲ್ಲೆಲ್ಲ ಒಂದೇ ಕೈ, ಅದೂ ತೆಳು. ಮಡಚುವ ಜಾಗದಲ್ಲಿ ದಪ್ಪ ಬಣ್ಣ ಬಿರಿದೇ ಬಿರಿಯುತ್ತದೆ. ಮುನ್ನಾದಿನ ಮೈಗೆ ಎಣ್ಣೆ ತಿಕ್ಕಿಸಿಕೊಂಡು ಬಂದವನ ಕಥೆ ಕೇಳುವುದೇ ಬೇಡ. ಅವನ ಮೇಲೆ ಬಣ್ಣ ಸಂಜೆಯಾದರೂ ಒಣಗದೆ, ಕಂಡವರ ಅಂಗಿಗೆಲ್ಲ ಹುಲಿ ಹಂಚಿಕೊಂಡು ಹೋಗುತ್ತದೆ.

ಮನೆಯ ಗೋಡೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲು ಮೀರಬಾರದು ಎಂದು ನಮ್ಮ ದೇಶದಲ್ಲಿ 2017ರ ನವೆಂಬರಿನಿಂದ ಕಾನೂನು ಉಂಟು. ಗೋಡೆಯ ಬಗ್ಗೆ ಇಷ್ಟು ಕಾಳಜಿ. ಅದೇ ಡಬ್ಬಿಯನ್ನು ಮನುಷ್ಯನ ಮೈಗೆ ಬಗ್ಗಿಸುವಾಗ, ಡಬ್ಬಿಯ ಹಿಂದೆ ಇರುವೆ ಕಾಲಿನಷ್ಟು ಸಣ್ಣದಾಗಿ ಬರೆದದ್ದನ್ನು ಓದುವ ವ್ಯವಧಾನ ಯಾರಿಗೂ ಇರುವುದಿಲ್ಲ. ನೀರಿನಲ್ಲಿ ಕರಗುವ ಬಣ್ಣ ಬಳಸಿ ಎಂದರೆ, “ಬೆವರಿಗೆ ಇಳಿಯುತ್ತದೆ” ಎನ್ನುತ್ತಾರೆ. ಅದೂ ಸುಳ್ಳಲ್ಲ. ಇಳಿಯದ ಬಣ್ಣದ ಒಳಗೆ ಬೆವರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ.

ಎಲ್ಲಿಗೂ ಹೋಗುವುದಿಲ್ಲ, ತುರಿಕೆಯಾಗುತ್ತದೆ.

ಹುಲಿವೇಷದ ಬಗ್ಗೆ ಮಾತಾಡುವವರು ಶೌರ್ಯ, ಸಂಪ್ರದಾಯ, ತಾಲೀಮು, ಹರಕೆ ಎಲ್ಲವನ್ನೂ ಹೇಳುತ್ತಾರೆ. ತುರಿಕೆಯ ವಿಷಯ ಎತ್ತುವುದಿಲ್ಲ. ಬಣ್ಣಕ್ಕೆ ನಿಂತವನನ್ನು ಕೇಳಿದರೆ ಅವನು ಬೇರೆ ಏನನ್ನೂ ಹೇಳುವುದಿಲ್ಲ. ಅಡ್ಡ ಕಟ್ಟಿದ ಬಿದಿರಿಗೋ ನೆಟ್ಟ ಎರಡು ಕೋಲಿಗೋ ಅಂಗೈ ಊರಿ, ಕೈ ಮೈಗೆ ತಾಗದ ಹಾಗೆ, ತೊಡೆ ತೊಡೆಗೆ ತಾಗದ ಹಾಗೆ, ಗಂಟೆಗಟ್ಟಲೆ ನಿಂತಿರುತ್ತಾನೆ. ಕೂರುವ ಹಾಗಿಲ್ಲ, ಒರಗುವ ಹಾಗಿಲ್ಲ. ಮೊದಲ ಕೈ ಅರ್ಧ ಒಣಗುವ ಹೊತ್ತಿಗೆ ತುರಿಕೆ ಏಳುತ್ತದೆ. ಪೂರ್ತಿ ಹಸಿಯಿದ್ದಾಗ ತಂಪು, ಪೂರ್ತಿ ಒಣಗಿದ ಮೇಲೆ ಒಂದು ಥರದ ಜೋಮು. ನಡುವಿನ ಆ ಹೊತ್ತೇ ಕೆಟ್ಟದ್ದು. ಬಣ್ಣ ಒಣಗುತ್ತ ಬಿಗಿದುಕೊಳ್ಳುತ್ತದೆ. ಕತ್ತಿಗೆ ಸಿಗದೆ ಉಳಿದ ನವಿರು ಕೂದಲನ್ನು ಹಿಡಿದೆಳೆಯುತ್ತದೆ. ತಿನ್ನರು ಚರ್ಮದ ಜಿಡ್ಡನ್ನು ಹೀರಿರುತ್ತದೆ. ಕೆಳಗಿನಿಂದ ಬೆವರು ದಾರಿ ಕೇಳುತ್ತಿರುತ್ತದೆ.

ತುರಿಕೆಗೆ ಜಾಗದ ವಿವೇಚನೆಯೂ ಇಲ್ಲ. ಸುರುವಾಗುವುದು ಮೂಗಿನ ತುದಿಯಲ್ಲಿ. ಬಣ್ಣ ಬಳಿಯುವವನು ಬೆನ್ನ ಹಿಂದೆ ಪಕ್ಕೆಲುಬು ಎಣಿಸುತ್ತ ಮಗ್ನನಾಗಿರುವಾಗ ಮುಂದೆ ಮೂಗು ತುರಿಸುತ್ತದೆ. ಮೂಗಿಗೆ ಏನಾದರೂ ದಾರಿಯಾಯಿತು ಎನ್ನುವಾಗ ಮೊಣಕಾಲ ಹಿಂದೆ. ಅದೂ ಅಡಗಿದರೆ ಬೆನ್ನಿನ ನಟ್ಟನಡು, ಸಾದಾ ದಿನದಲ್ಲೂ ಮೇಲಿನಿಂದ ಹಾಕಿದ ಕೈ, ಕೆಳಗಿನಿಂದ ಹಾಕಿದ ಕೈ ಎರಡಕ್ಕೂ ಒಂದು ಗೇಣು ದೂರ ಉಳಿಯುವ ಆ ಜಾಗ. ದೇವರು ಹುಲಿಗೆ ಪಂಜ ಕೊಟ್ಟ, ಮನುಷ್ಯನಿಗೆ ಉಗುರು ಕೊಟ್ಟ. ಹುಲಿಯಾದ ಮನುಷ್ಯನ ಕೈಯಿಂದ ಎರಡನ್ನೂ ಕಸಿದುಕೊಂಡ.

ಹಾಗಾಗಿ ಒಳ್ಳೆಯ ತಂಡದಲ್ಲಿ ಬಣ್ಣದವನಷ್ಟೇ ಮುಖ್ಯವಾಗಿ ತುರಿಸುವವನೊಬ್ಬ ಇರಬೇಕು. ಪಟ್ಟಿಯಲ್ಲಿ ಅವನ ಹೆಸರು ಇರುವುದಿಲ್ಲ, ಶಾಲು ಹೊದಿಸುವಾಗ ಅವನನ್ನು ಕರೆಯುವುದಿಲ್ಲ. ಅವನ ಕೆಲಸಕ್ಕೂ ಒಂದು ಕ್ರಮ ಉಂಟು. ಹಸಿ ಜಾಗವಾದರೆ ಮುಟ್ಟಬಾರದು, ಊದಬೇಕು. ಊದಿದ್ದು ಸಾಲದಿದ್ದರೆ ಹಾಳೆಯ ಬೀಸಣಿಗೆ. ಒಣಗಿದ ಜಾಗವಾದರೆ ಅಂಗೈಯನ್ನು ಚಪ್ಪಟೆಯಾಗಿಟ್ಟು ಒತ್ತಬೇಕು, ಉಜ್ಜಬಾರದು. ಉಜ್ಜಿದರೆ ಬಣ್ಣ ಸುರುಳಿ ಸುತ್ತುತ್ತದೆ. ಮೂಗಿನ ಹೊಳ್ಳೆಯ ಅಂಚಿಗೆ ಹಿಡಿಸೂಡಿಯ ಕಡ್ಡಿ ಸಾಕು, ತುದಿಯಲ್ಲ, ದಪ್ಪ ಬುಡ. ಇದೊಂದೂ ನಡೆಯದಿದ್ದರೆ ಕೊನೆಯ ಉಪಾಯ, ಬಣ್ಣವಿಲ್ಲದ ಜಾಗವನ್ನು, ಎಂದರೆ ತಲೆಯನ್ನೋ ಅಂಗಾಲನ್ನೋ ಚೆನ್ನಾಗಿ ಕೆರೆದು ತುರಿಕೆಗೆ ವಿಳಾಸ ತಪ್ಪಿಸುವುದು. ಬೆನ್ನು ತುರಿಸುತ್ತಿದ್ದ ಹುಲಿಗೆ ಅಂಗಾಲು ಕೆರೆದರೆ ಸಮಾಧಾನವಾಗುತ್ತದೆಯೇ ಎಂದು ಕೇಳಬಾರದು. ಹುಲಿಗೆ ನಗು ಬರುತ್ತದೆ, ನಕ್ಕರೆ ಕೆನ್ನೆಯ ಬಣ್ಣ ಬಿರಿಯುತ್ತದೆ, ಬಿರಿದ ಕೆನ್ನೆಯ ಬಗ್ಗೆ ಬಣ್ಣದವನು ಬೈಯುತ್ತಾನೆ, ಆ ಗಲಾಟೆಯಲ್ಲಿ ಬೆನ್ನು ಮರೆಯುತ್ತದೆ.

ಸೊಳ್ಳೆಯ ಸಮಸ್ಯೆ ಬೇರೆ. ನವರಾತ್ರಿ ಬರುವುದು ಮಳೆ ಹಿಂದೆಗೆಯುವ ಹೊತ್ತಿಗೆ. ಅಡಿಕೆ ತೋಟದ ಹಾಳೆಯಲ್ಲೂ ತೆಂಗಿನ ಗೆರಟೆಯಲ್ಲೂ ನಿಂತ ನೀರಿನ ಸಂತಾನವೆಲ್ಲ ರೆಕ್ಕೆ ಬಲಿತು ಹೊರಟಿರುತ್ತದೆ. ಹಸಿ ಬಣ್ಣಕ್ಕೆ ಕೂತ ಸೊಳ್ಳೆ ಏಳುವುದಿಲ್ಲ. ಅಲ್ಲೇ ಅಂಟಿ ಒಂದು ಚುಕ್ಕೆಯಾಗುತ್ತದೆ. ಹುಲಿ ಪುಲಿಯಾಗುವುದು ಹೀಗೂ ಉಂಟು.

ಇಷ್ಟೆಲ್ಲ ಆದಮೇಲೂ ಒಂದು ಗಳಿಗೆಯಲ್ಲಿ ಮನುಷ್ಯ ಸೋಲುತ್ತಾನೆ. ಕಾವಲಿನವರು ಚಹಾಕ್ಕೆ ಹೋದಾಗ ಬಲಗೈ ಬಿದಿರು ಬಿಟ್ಟು ಎಡ ಪಕ್ಕೆಗೆ ಹೋಗಿ ಪರಪರ ಕೆರೆದು ಮತ್ತೆ ಬಿದಿರಿಗೆ ಬಂದು ಏನೂ ಗೊತ್ತಿಲ್ಲದ ಹಾಗೆ ಕೂತುಬಿಡುತ್ತದೆ. ಉಗುರಿನ ಸಂದಿನ ಹಳದಿ ಸಾಕ್ಷಿ ಹೇಳುತ್ತದೆ. ಹೀಗಾದಾಗ ಆತುರಪಟ್ಟು ಮೇಲಿಂದ ಮೇಲೆ ಬಣ್ಣ ಮೆತ್ತಿದರೆ ಆ ಜಾಗ ಹಪ್ಪಳದ ಹಾಗೆ ಉಬ್ಬುತ್ತದೆ. ಎದ್ದ ಸಿಪ್ಪೆಯನ್ನು ತಿನ್ನರಿನಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒತ್ತಿ ತೆಗೆದು, ಅಂಚನ್ನು ಸಮ ಮಾಡಿ, ತೆಳುವಾಗಿ ಒಂದು ಕೈ ಹಳದಿ ಕೊಟ್ಟು, ಒಣಗಿದ ಮೇಲೆ ಅದರ ಮೇಲೊಂದು ಪಟ್ಟೆ ಎಳೆದುಬಿಡುವುದು ಪಳಗಿದವರ ಉಪಾಯ. ಕಪ್ಪು ಎಲ್ಲ ಪಾಪವನ್ನೂ ಮುಚ್ಚುತ್ತದೆ. ಹಾಗಾಗಿ ಹುಲಿಯ ಎಡ ಪಕ್ಕೆಯಲ್ಲಿ ಬಲಕ್ಕಿಂತ ಎರಡು ಪಟ್ಟೆ ಹೆಚ್ಚು ಕಂಡರೆ ಅದನ್ನು ಕಲೆ ಎಂದು ಹೊಗಳುವ ಮೊದಲು ಒಂದು ಸಲ ಯೋಚಿಸಬೇಕು. ಅದು ಬಲಗೈ ಬಳಕೆಯ ಮನುಷ್ಯನ ಎರಡು ತುರಿಕೆಗಳ ದಾಖಲೆ.

ಕಾಡಿನ ಹುಲಿಯದೂ ಎಡ–ಬಲ ಪಟ್ಟೆ ಹೊಂದುವುದಿಲ್ಲ, ಒಂದರ ಪಟ್ಟೆ ಇನ್ನೊಂದಕ್ಕೆ ಇಲ್ಲ. ಅದನ್ನೇ ಹಿಡಿದು ಕ್ಯಾಮರಾ ಇಟ್ಟು ಎಣಿಸುತ್ತಾರೆ. 2022ರ ಎಣಿಕೆಯಲ್ಲಿ ಕರ್ನಾಟಕಕ್ಕೆ 563, ಕೇರಳಕ್ಕೆ 213 ಎಂದು ಬಂತು. ನಡುವೆ ನವರಾತ್ರಿಯಲ್ಲಿ ತಲಪಾಡಿಯ ಗಡಿ ದಾಟಿ ಆಚೀಚೆ ಓಡಾಡುವ ಹುಲಿಗಳು ಯಾವ ರಾಜ್ಯದ ಲೆಕ್ಕಕ್ಕೂ ಸಿಕ್ಕಿಲ್ಲ. ಇನ್ನು ಕಾಡಿನ ಹುಲಿ ಮರಕ್ಕೆ ಪಂಜ ಹಾಕಿ ಗೀರುವುದು ತುರಿಕೆಗಲ್ಲ, ‘ಇದು ನನ್ನ ಜಾಗ’ ಎಂದು ಸಾರುವುದಕ್ಕೆ. ಬಿದಿರು ಹಿಡಿದು ನಿಂತವನು ಕೇಳಿದರೆ ಹೊಟ್ಟೆ ಉರಿಸಿಕೊಳ್ಳುವ ಸಂಗತಿ. ಕೈಗೆ ಸಿಗುವ ಮರ, ತಡೆಯುವವರಿಲ್ಲ, ಅದಕ್ಕೆ ತುರಿಕೆಯೂ ಇಲ್ಲ!

ನೀರಿನ ವಿಷಯದಲ್ಲೂ ಹುಲಿ ಇಕ್ಕಟ್ಟಿನಲ್ಲೇ. ತುಟಿಯ ಬಣ್ಣ ಕೆಡಬಾರದೆಂದು ನಳಿಗೆಯಿಂದ ಕುಡಿಸುತ್ತಾರೆ. ಹೆಚ್ಚು ಕುಡಿದರೆ ಮುಂದಿನ ಪರಿಣಾಮಕ್ಕೆ ಜಟ್ಟಿ ಬಿಚ್ಚಬೇಕು, ಬಿಚ್ಚಿದರೆ ಸೊಂಟದ ಬಣ್ಣ ಹೋಯಿತು. ಹಾಗೆಂದು ಕುಡಿಯದೆ ಬಿಸಿಲಿಗೆ ಇಳಿದರೆ, ಬೆವರು ಹೊರಬರದ ಮೈ ಒಳಗೇ ಕಾದು ಮೂರನೇ ಅಂಗಳದಲ್ಲಿ ತಲೆ ತಿರುಗುತ್ತದೆ. ಇಂಥ ಸಂಕಟದಲ್ಲಿ ಯಾವ ಕಡೆ ತೂಗಬೇಕು ಎಂದರೆ ನೀರಿನ ಕಡೆಗೇ. ಬಣ್ಣವನ್ನು ಮತ್ತೆ ಹಚ್ಚಬಹುದು.

ನನಗೊಂದು ಗುಮಾನಿ ಉಂಟು. ಆ ಹುಲಿಯ ನಡಿಗೆ, ತೋಳುಗಳನ್ನು ಮೈಯಿಂದ ದೂರ ಬಾಗಿಸಿ, ಬೆರಳು ಅಗಲಿಸಿ, ಕಾಲು ಹರಡಿ, ಎದೆ ಮುಂದೆ ತಂದು ತೂಗುತ್ತ ಬರುವುದು ಉಂಟಲ್ಲ, ಅದನ್ನು ಕಾಡಿನ ಹುಲಿ ನೋಡಿ ಕಲಿತದ್ದು ಎಂದು ನನಗೆ ಅನ್ನಿಸುವುದಿಲ್ಲ. ಕಾಡಿನ ಹುಲಿ ಹಾಗೆ ನಡೆಯುವುದೂ ಇಲ್ಲ, ಅದು ತಲೆ ತಗ್ಗಿಸಿ ಬಾಡಿಗೆ ಬಾಕಿಯಿದ್ದವನ ಹಾಗೆ ಸದ್ದಿಲ್ಲದೆ ಹೋಗುತ್ತದೆ. ಗಂಟೆಗಟ್ಟಲೆ ಕೈ ಮೈಗೆ ತಾಗಿಸದೆ ನಿಂತವನು ಬಿದಿರು ಬಿಟ್ಟು ಹೊರಟರೆ ಹೀಗಲ್ಲದೆ ಬೇರೆ ಹೇಗೆ ನಡೆದಾನು?

ಅಂಗಡಿಯಲ್ಲಿ ಈಗ ನೇತು ಹಾಕಿರುವ ಜಿಪ್ಪಿನ ಹುಲಿಯ ಬಗ್ಗೆ ನನಗೆ ಸಿಟ್ಟು ಇರುವುದು ಅದಕ್ಕೇ. ಹಳದಿ ಪಾಲಿಯೆಸ್ಟರು, ಮೇಲೆ ಅಚ್ಚು ಹಾಕಿದ ಪಟ್ಟೆ, ಬೆನ್ನಿಗೆ ಜಿಪ್ಪು. ಐದು ನಿಮಿಷದಲ್ಲಿ ಹುಲಿ, ಮತ್ತೈದು ನಿಮಿಷದಲ್ಲಿ ಮನುಷ್ಯ. ಚರ್ಮಕ್ಕೆ ಒಳ್ಳೆಯದು, ಮಕ್ಕಳಿಗೆ ಸಲೀಸು, ಎಲ್ಲ ಒಪ್ಪಿದೆ. ಶಾಲೆಯ ವಾರ್ಷಿಕೋತ್ಸವಕ್ಕೆ ಆಗಬಹುದು. ಆದರೆ ಅದರೊಳಗೆ ಹೊಕ್ಕವನು ಸೋಫಾದ ಮೇಲೆ ಕಾಲು ಚಾಚಿ ಕೂತು ಚಿಪ್ಸು ತಿನ್ನುತ್ತಾನೆ, ತುರಿಸಿದಲ್ಲಿ ತುರಿಸಿಕೊಳ್ಳುತ್ತಾನೆ, ಎದ್ದು ಬಂದರೆ ಕೈ ಜೋತುಬಿದ್ದಿರುತ್ತದೆ. ಹುಲಿಯ ಮೊಣಕಾಲಲ್ಲಿ ನೆರಿಗೆ! ಬಟ್ಟೆಯ ಪಟ್ಟೆ ಲಾಗ ಹಾಕಿದರೆ ಹಿಂದುಳಿಯುತ್ತದೆ, ಬಣ್ಣದ ಪಟ್ಟೆ ಮಾಂಸಖಂಡದ ಜತೆಗೇ ಹೊರಳುತ್ತದೆ. ಹಿಂದಕ್ಕೆ ಬಾಗಿ ಕೈ ಊರದೆ ನೆಲದ ನೋಟನ್ನು ಬಾಯಲ್ಲಿ ಕಚ್ಚುವಾಗ ಹೊಟ್ಟೆಯ ಪಟ್ಟೆಗಳು ಒಂದೊಂದಾಗಿ ಬಿಡಿಸಿಕೊಳ್ಳುವುದನ್ನು ಪಾಲಿಯೆಸ್ಟರಿನಲ್ಲಿ ತೋರಿಸಲಿ ನೋಡೋಣ. ಅಕ್ಕಿ ಮುಡಿಯ ಮಾತು ಬಿಡಿ. ಒಂದು ಮುಡಿ ಎಂದರೆ 42 ಸೇರು, ಬೈಹುಲ್ಲಿನಲ್ಲಿ ಕಟ್ಟಿದ್ದು. ಅದರ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ತಲೆಯ ಮೇಲಿಂದ ಹಿಂದಕ್ಕೆ ಎಸೆಯಬೇಕು. ಕುತ್ತಿಗೆಯ ಬಲದಿಂದ ಎಸೆಯಲು ಹೋದವನು ಮರುದಿನ ವೈದ್ಯರ ಜಗಲಿಯಲ್ಲಿ. ಎತ್ತಬೇಕಾದದ್ದು ತೊಡೆ ಮತ್ತು ಸೊಂಟ, ಹಲ್ಲು ಬರೀ ಕೊಕ್ಕೆ.

ತ್ರಿಶೂರಿನವರ ದಾರಿಯೇ ಬೇರೆ. ಓಣಂನ ನಾಲ್ಕನೇ ದಿನ ಸ್ವರಾಜ್ ರೌಂಡ್ ಎಂಬ ಸುತ್ತುರಸ್ತೆಗೆ ಇಳಿಯುವ ಅಲ್ಲಿನ ಪುಲಿಗೆ ಮುಡಿ ಎಸೆಯುವ ಉಸಾಬರಿ ಇಲ್ಲ, ದೊಡ್ಡ ಹೊಟ್ಟೆ ಇದ್ದರೆ ಆಯಿತು. ಹೊಟ್ಟೆಯ ಮೇಲೆ ಹುಲಿಯ ಮುಖ ಬರೆಯುತ್ತಾರೆ, ಚೆಂಡೆಯ ಪೆಟ್ಟಿಗೆ ಹೊಟ್ಟೆ ಕುಲುಕಿದರೆ ಹುಲಿ ಘರ್ಜಿಸಿದ ಹಾಗೆ. ಅಲ್ಲಿ ಬಣ್ಣದ ಪುಡಿಯನ್ನು ವಾರ್ನಿಷಿನಲ್ಲಿ ಅರೆಯುತ್ತಾರೆ; ಎರಡು ಕೈ ಮುಗಿಸಲು ಐದರಿಂದ ಏಳು ಗಂಟೆ. ಅಷ್ಟು ದೊಡ್ಡ ಹೊಟ್ಟೆಗೆ ತುರಿಸಿದರೆ ಎಂಬ ಕಲ್ಪನೆಯನ್ನು ಓದುಗರಿಗೆ ಬಿಡುತ್ತೇನೆ.

ನಮ್ಮಲ್ಲಿ ಹೊಳೆ ದಾಟಿದರೆ ಹುಲಿ ಬದಲಾಗುತ್ತದೆ. ಚಂದ್ರಗಿರಿಯ ಬಡಗು ದಿಕ್ಕಿಗೆ ಪಿಲಿಚಾಮುಂಡಿ ದೈವ, ತೆಂಕಿಗೆ ತೆಯ್ಯಂ ಎಂಬ ದೈವಾರಾಧನೆಯ ಪುಲಿ ದೈವಗಳ ಒಂದು ಇಡೀ ಸಂಸಾರ. ಶಿವ ಪಾರ್ವತಿಯರು ಹುಲಿಯ ರೂಪ ತಾಳಿ ಪುಲಿಕಂಡನೂ ಪುಳ್ಳಿಕರಿಂಕಾಳಿಯೂ ಆದರು. ಅವರಿಗೆ ಐದು ಗಂಡು ಮರಿಗಳು, ಪುಲಿಯೂರುಕಾಳಿ ಎಂಬ ಮಗಳು. ಮರಿಗಳು ಅರಸನ ಹಟ್ಟಿಗೆ ನುಗ್ಗಿ ಹಸುಗಳನ್ನು ತಿಂದುವು. ಕೊಲ್ಲಲು ಹೊರಟ ಕರಿಂದಿರಿ ನಾಯರನೇ ಸತ್ತ. ಕತೆ ಅಲ್ಲಿಗೆ ಮುಗಿಯದೆ, ಸತ್ತ ಬೇಟೆಗಾರನೂ ದೈವವಾಗಿ ಅದೇ ಹುಲಿಗಳ ಸಾಲಿನಲ್ಲಿ ಕುಣಿಯುತ್ತಾನೆ. ಬಡಗಿನ ಹುಲಿವೇಷದಲ್ಲೂ ಬೇಟೆಗಾರ ಬರುತ್ತಾನೆ, ಮರದ ಕೋವಿ ಹಿಡಿದುಕೊಂಡು. ಇಲ್ಲಿ ಬೀಳುವುದು ಹುಲಿ. ಅದೂ ಎಷ್ಟು ಹೊತ್ತು? ಮುಂದಿನ ಅಂಗಳದಲ್ಲಿ ಮತ್ತೆ ಬೀಳಬೇಕಾದ್ದರಿಂದ ಕೂಡಲೇ ಏಳುತ್ತದೆ. ಹಸುವಿನ ಮಾತಿಗೆ ನಾಚಿ ತಾನೇ ಪ್ರಾಣ ಬಿಟ್ಟ ಹುಲಿಯ ಕತೆ ಕೇಳಿ ಬೆಳೆದ ಕನ್ನಡದ ಮಕ್ಕಳಿಗೆ ಕರಿಂದಿರಿ ನಾಯರನ ಲೆಕ್ಕ ಸುಲಭಕ್ಕೆ ತಲೆಗೆ ಹೋಗಲಾರದು. ಒಂದು ವಿಷಯ ಮಾತ್ರ ತೆಯ್ಯಂನವರನ್ನು ನೋಡಿ ಕಲಿಯಬೇಕಾದದ್ದು. ಅವರು ಮುಖಕ್ಕೆ ಬರೆಸಿಕೊಳ್ಳುವುದು ನೆಲದಲ್ಲಿ ಅಂಗಾತ ಮಲಗಿ. ತೆಂಗಿನ ಗರಿಯ ಕಡ್ಡಿ, ಮನಯೋಲದ ಹಳದಿ, ಚಾಯಿಲ್ಯದ ಕೆಂಪು, ಕಾಡಿಗೆ. ಬರೆಯುವವನು ತಲೆಯ ಹತ್ತಿರ ಕೂತು ಗೆರೆ ಎಳೆಯುತ್ತಿದ್ದರೆ ಬರೆಸಿಕೊಳ್ಳುವವನು ಒಂದು ಸಣ್ಣ ನಿದ್ದೆ ತೆಗೆಯಬಹುದು. ನಿದ್ದೆಗೆ ತುರಿಕೆ ಇಲ್ಲ.

ಬಣ್ಣ ಒಣಗಿತು. ಈಗ ತಾಸೆಯವನು ಕಾಗದವನ್ನೋ ಬೈಹುಲ್ಲನ್ನೋ ಉರಿಸಿ ತಾಸೆಯ ಚರ್ಮವನ್ನು ಕಾಯಿಸುತ್ತಾನೆ. ತಂಪಿಗೆ ಸಡಿಲಾದ ಚರ್ಮ ‘ಬದ್ ಬದ್’ ಎನ್ನುತ್ತದೆ. ಕಾದು ಬಿಗಿದರೆ ಕಡ್ಡಿ ಬಿದ್ದಲ್ಲಿ ಕಿಡಿ ಹಾರಿದ ಹಾಗೆ ಸದ್ದು. ಹೆಚ್ಚು ಕಾಯಿಸಿದರೆ ಒಡೆಯಿತು. ಡೋಲು ಸೇರಿಕೊಳ್ಳುತ್ತದೆ. ಅಲ್ಲಿಯವರೆಗೆ “ಅಣ್ಣ, ಸ್ವಲ್ಪ ಬೆನ್ನು” ಎಂದು ಅಂಗಲಾಚುತ್ತಿದ್ದವನು ಆ ಪೆಟ್ಟಿಗೆ ಬಿದಿರು ಬಿಡುತ್ತಾನೆ. ಅಥವಾ ಬಿಡುತ್ತದೆ. ನಮ್ಮ ಭಾಷೆಯ ಸೊಗಸು ಇಲ್ಲಿದೆ ನೋಡಿ. ನಿನ್ನೆ “ಬಂದರು” ಎಂದು ಕರೆಸಿಕೊಂಡ ಬ್ಯಾಂಕಿನವರಿಗೂ, “ಬಂದ” ಎಂದು ಕರೆಸಿಕೊಂಡ ಮೇಸ್ತ್ರಿಗೂ ಈವತ್ತು ಒಂದೇ ಕ್ರಿಯಾಪದ: “ಹುಲಿ ಬಂತು.” ಜಾತಿ, ಸಂಬಳ, ಅಡ್ಡಹೆಸರು ಎಲ್ಲವೂ ನಪುಂಸಕಲಿಂಗದಲ್ಲಿ ಮುಳುಗಿಹೋಗುತ್ತವೆ. “ಹುಲಿಗೆ ಎಂತಾದರೂ ಕುಡಿಯಲು ಕೊಟ್ಟಿರಾ?” ಎಂದು ಹಿರಿಯರು ಕೇಳುವಾಗ ಅದರಲ್ಲಿ ತಾತ್ಸಾರವೂ ಇಲ್ಲ, ತಮಾಷೆಯೂ ಇಲ್ಲ. ಹುಲಿಗೆ ಕೊಟ್ಟಾಯಿತೇ ಎಂದಷ್ಟೇ.

ಹಾಗೆ ನೋಡಿದರೆ ಪಟ್ಟೆ ಇರುವುದು ಅಡಗುವುದಕ್ಕೆ. ಜಿಂಕೆಯ ಕಣ್ಣಿಗೆ ಹುಲಿಯ ಕಿತ್ತಳೆ ಬಣ್ಣ ಹಸುರಿನ ಹಾಗೇ ಕಾಣುತ್ತದೆ, ಪಟ್ಟೆ ಹುಲ್ಲಿನ ನೆರಳಾಗಿ ಕಾಣುತ್ತದೆ. ಕಾಣಬಾರದೆಂದು ಕಾಡು ಕೊಟ್ಟ ವೇಷವನ್ನು ನಾವು ಪೇಟೆಯ ನಡುವೆ ಬ್ಯಾಂಡು ಬಾರಿಸಿಕೊಂಡು ತಂದಿದ್ದೇವೆ. ಇದರಲ್ಲಿ ನಾನು ಹೇಳುತ್ತೇನೆಂದ ಉತ್ತರದ ಒಂದು ತುದಿ ಉಂಟು ಎಂದು ತೋರುತ್ತದೆ. ಆದರೆ ಅಷ್ಟರಲ್ಲಿ ಫ್ಲೆಕ್ಸ್ ಕಣ್ಣಿಗೆ ಬಿತ್ತು.

ಫ್ಲೆಕ್ಸಿನಲ್ಲಿ ಬಿಳಿ ಅಂಗಿಯ ಒಬ್ಬರು, ಹಿಂದೆ ಬಾಯಿ ತೆರೆದ ಹುಲಿ, ಕೆಳಗೆ ‘ನಮ್ಮ ಹುಲಿ’. ಮಲಯಾಳದ ಫ್ಲೆಕ್ಸಾದರೂ ಅಷ್ಟೇ. ಅಲ್ಲಿ ಕೆಲಸದಲ್ಲಿ ಚುರುಕಿನವನಿಗೆ “ಆಳ್ ಪುಲಿಯಾಣ್” ಎನ್ನುತ್ತಾರೆ, ಎಂದರೆ ಚಿರತೆ ಎಂದು. ಚಿತ್ರ ಮಾತ್ರ ಮತ್ತೆ ಪಟ್ಟೆಯದ್ದೇ. ಎರಡು ಭಾಷೆಯವರೂ ಸೇರಿ ಒಪ್ಪಿಕೊಂಡಿರುವ ತಪ್ಪು ಇದೊಂದೇ ಇರಬೇಕು. ಹೊಗಳಿಸಿಕೊಳ್ಳುವುದಕ್ಕೆ ನನ್ನ ಆಕ್ಷೇಪ ಇಲ್ಲ. ಹುಲಿ ಎಂದು ಬರೆಸಿಕೊಳ್ಳುವ ಮೊದಲು ಬಿಳಿ ಒಂದು ಕೈ, ಹಳದಿ ಒಂದು ಕೈ ಬಳಿಸಿಕೊಂಡು ಆ ಬಿದಿರಿಗೆ ಅಂಗೈ ಊರಿ ನಿಲ್ಲಬೇಕು ಎಂದೊಂದು ನಿಯಮ ಇದ್ದಿದ್ದರೆ ಪೇಟೆಯ ಕಂಬಗಳಿಗೆ ಸ್ವಲ್ಪ ಗಾಳಿ ತಾಗುತ್ತಿತ್ತು.

ರಾತ್ರಿ ಬಣ್ಣ ತೆಗೆಯುವ ಕೆಲಸ. ತೆಂಗಿನೆಣ್ಣೆಯನ್ನು ಧಾರಾಳ ಹಚ್ಚಿ ನೆನೆಯಲು ಬಿಡಬೇಕು, ಹಳೆಯ ಬನಿಯನಿನ ತುಂಡಿನಿಂದ ಒರೆಸಬೇಕು, ಮತ್ತೆ ಎಣ್ಣೆ, ಮತ್ತೆ ಒರಸು, ಕೊನೆಗೆ ಸಾಬೂನು. ನಿಧಾನದ ದಾರಿ, ಸುಖದ ದಾರಿ. ನಿದ್ದೆಗೆ ಅವಸರವಾದವರು ಚಿಮಿಣಿ ಎಣ್ಣೆಗೆ ಕೈ ಹಾಕುತ್ತಾರೆ. ಬಣ್ಣ ಬೇಗ ಬಿಡುತ್ತದೆ, ಇಡೀ ದಿನ ಉರಿದ ಚರ್ಮ ಇನ್ನೊಮ್ಮೆ ಉರಿಯುತ್ತದೆ, ಪಕ್ಕದಲ್ಲಿ ಯಾರಾದರೂ ಬೀಡಿ ಹಚ್ಚಿದರೆ ದೇವರೇ ಗತಿ. ತೆಂಗಿನ ನಾರಿನಿಂದ ತಿಕ್ಕುವುದಂತೂ ಶತ್ರುವಿಗೂ ಬೇಡ. ಹೇಗೆ ತೆಗೆದರೂ ಎಲ್ಲ ಹೋಗುವುದಿಲ್ಲ. ಉಗುರಿನ ಬುಡ, ಹೊಕ್ಕುಳು, ಕಿವಿಯ ಹಿಂಬದಿ ಈ ಮೂರು ಕಡೆ ಹುಲಿ ಇನ್ನೂ ಒಂದು ವಾರ ಬದುಕಿರುತ್ತದೆ. ಕಾಡಿನ ಹುಲಿಗೂ ಕಿವಿಯ ಹಿಂದೆ ಒಂದು ಬಿಳಿ ಮಚ್ಚೆ ಉಂಟು, ಅದು ಯಾಕೆಂಬುದಕ್ಕೆ ಬಲ್ಲವರಲ್ಲೇ ಹಲವು ಮಾತು.

ದಸರಾ ಕಳೆದ ವಾರ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡುವವರು ಒಮ್ಮೆ ಟಿಕೆಟ್ ಕೊಡುವ ಹುಡುಗನ ಕಿವಿಯ ಹಿಂದೆ ನೋಡಿ. ಹಳದಿ ಉಂಟೋ ಇಲ್ಲವೋ ಎಂದು ಕತ್ತು ಉದ್ದ ಮಾಡಬೇಕಾದ್ದಿಲ್ಲ. ಹುಲಿಯಾಗಿದ್ದವನಾದರೆ, ಚಿಲ್ಲರೆ ಎಣಿಸಿ ಕೊಟ್ಟು, ಸೀಟಿ ಊದಿ, ಕೈ ಬಿಡುವಾದ ಕೂಡಲೇ ಅಲ್ಲಿಗೆ ಬೆರಳು ಹಾಕಿ, ಕಣ್ಣು ಅರ್ಧ ಮುಚ್ಚಿ, ಮುಂದಿನ ಸ್ಟಾಪು ಬರುವವರೆಗೂ ನಿಧಾನಕ್ಕೆ ಕೆರೆದುಕೊಳ್ಳುತ್ತಿರುತ್ತಾನೆ.